ಎರಡು ಎಡ ರೆಕ್ಕೆ

ಬೆಳಗಿನ ಐದು ಗಂಟೆ ಹತ್ತು ನಿಮಿಷ. ಜನವರಿ ಹನ್ನೊಂದು, ಭಾನುವಾರ. ಡೊಂಬಿವಲಿ ಪೂರ್ವದ ಹಳೆಯ ಕಟ್ಟಡವೊಂದರ ಟೆರೇಸಿನಲ್ಲಿ, ಹರಿಶ್ಚಂದ್ರ ಆರು ವರ್ಷ ಕೂತು ಕಟ್ಟಿದ ವಿಮಾನಕ್ಕೆ ಎರಡೂ ಎಡ ರೆಕ್ಕೆಗಳೇ ಎಂದು ಗೊತ್ತಾಯಿತು.

ನೀರಿನ ಟಾಂಕಿಯ ಪಕ್ಕದ ಬಲ್ಬಿನ ಬೆಳಕು ಸಾಲದೆ ಅವನ ಹೆಂಡತಿ ಪ್ರಫುಲ್ಲಾ ಮೊಬೈಲಿನ ಟಾರ್ಚ್ ಹಿಡಿದು ನಿಂತಿದ್ದಳು. ಎಡಗಡೆಯ ರೆಕ್ಕೆ ಒಂದೇ ಸಲಕ್ಕೆ ಕೂತಿತ್ತು. ಬಲಗಡೆಯದು ಕೂರಲಿಲ್ಲ. ದಪ್ಪ ಅಂಚನ್ನು ಮುಂದಕ್ಕೆ ಮಾಡಿದರೆ ರೆಕ್ಕೆಯ ಹೊಟ್ಟೆ ಮೇಲಾಗುತ್ತಿತ್ತು. ಬೆನ್ನನ್ನು ಮೇಲೆ ಮಾಡಿದರೆ ದಪ್ಪ ಅಂಚು ಹಿಂದಕ್ಕೆ ಹೋಗುತ್ತಿತ್ತು.

"ಇನ್ನೊಮ್ಮೆ ತಿರುಗಿಸಿ ನೋಡಿ," ಎಂದಳು ಪ್ರಫುಲ್ಲಾ.

"ನಾಲ್ಕು ಸಲ ತಿರುಗಿಸಿ ಆಯ್ತು."

"ಮತ್ತೆ?"

"ಮತ್ತೆ ಎಂತ? ಎರಡೂ ಎಡದ್ದೇ ಮಾರಾಯ್ತಿ. ಎರಡೂ ಎಡದ್ದು."

ಹರಿಶ್ಚಂದ್ರ ರೆಕ್ಕೆಯನ್ನು ಮೆಲ್ಲಗೆ ಚಾಪೆಯ ಮೇಲಿಟ್ಟು ಟಾಂಕಿಯ ಕಟ್ಟೆಗೆ ಕೂತ. ಐವತ್ತೇಳರ ವಯಸ್ಸು. ತುರ್ಭೆಯ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಸೂಪರ್‌ವೈಸರ್. ವಾರದಲ್ಲಿ ಆರು ದಿನ ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟು, ಥಾಣೆಯಲ್ಲಿ ಗಾಡಿ ಬದಲಿಸಿ, ಸಂಜೆ ಏಳೂವರೆಗೆ ತಿರುಗಿ ಬರುವವನು. ವಿಮಾನದ ಕೆಲಸವೆಲ್ಲ ಬೆಳಗಿನ ನಾಲ್ಕರಿಂದ ಐದೂವರೆಯೊಳಗೆ ಆದದ್ದು.

ಪ್ರಫುಲ್ಲಾ ಟಾರ್ಚ್ ಆರಿಸಿದಳು. ಅವಳಿಗೆ ಈ ವಿಷಯ ಅಕ್ಟೋಬರಿನಿಂದಲೇ ಗೊತ್ತಿತ್ತು.

ವಿಮಾನ ನಿಜವಾದ ವಿಮಾನವೊಂದರ ಮೂರನೇ ಒಂದು ಅಳತೆಯದು. ರೆಕ್ಕೆಯ ತುದಿಯಿಂದ ತುದಿಗೆ ಮೂರು ಮೀಟರ್ ಅರವತ್ತು ಸೆಂಟಿಮೀಟರ್, ಮೈ ಎರಡೂಕಾಲು ಮೀಟರ್, ತೂಕ ಹದಿನಾರು ಕಿಲೋ. ಪೆಟ್ರೋಲ್ ಎಂಜಿನ್ನು, ನೆಲದಲ್ಲಿ ನಿಂತು ರೇಡಿಯೋದಿಂದ ನಡೆಸುವಂಥದು. ಅವರ ಕೋಣೆಯ ಉದ್ದ ಮೂರು ಮೀಟರ್ ಮೂವತ್ತೈದು. ಆದ್ದರಿಂದ ಎರಡು ರೆಕ್ಕೆಗಳನ್ನು ಆರು ವರ್ಷಗಳಲ್ಲಿ ಒಮ್ಮೆಯೂ ಒಟ್ಟಿಗೆ ಜೋಡಿಸಿ ನೋಡಿರಲಿಲ್ಲ. ಮೊದಲನೆಯದು ಮೂರು ವರ್ಷದ ಹಿಂದೆ ಮುಗಿದಿತ್ತು. ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ಫ್ಯಾನಿಗೆ ತಾಗದ ಹಾಗೆ ಸೂರಿಗೆ ಕಟ್ಟಿದ್ದರು. ಅದರ ಕೆಳಗೇ ಎರಡನೆಯದು ಬೆಳೆಯಿತು.

ನಕ್ಷೆಯಲ್ಲಿ ಬರೆದದ್ದು ಎಡ ರೆಕ್ಕೆ ಮಾತ್ರ. ಬಲದ್ದನ್ನು ಕಟ್ಟಲು ಹಾಳೆಯನ್ನು ಮಗುಚಿ ಹಾಕಬೇಕು. ಗೆರೆಗಳು ಹಿಂದಿನಿಂದ ಕಾಣಲೆಂದು ಹರಿಶ್ಚಂದ್ರ ಹಾಳೆಗೆ ತೆಂಗಿನೆಣ್ಣೆ ಸವರಿದ್ದ, ಮಗುಚಿಯೂ ಹಾಕಿದ್ದ. ಅಷ್ಟರಲ್ಲಿ ಚೌತಿ ಬಂತು. ಮನೆ ಗುಡಿಸಿ ಸಾರಿಸುವಾಗ ಎಲ್ಲ ಸುತ್ತಿ ಅಟ್ಟಕ್ಕೆ ಏರಿತು. ಹಬ್ಬ ಕಳೆದು ಪಾಳಿ ಮುಗಿಸಿ ಬಂದವನು ಹಾಳೆಯನ್ನು ಮತ್ತೆ ಹಾಸುವಾಗ, ಯಾರೂ ಹಾಸುವ ಹಾಗೆ, ಅಕ್ಷರ ಓದಲು ಬರುವಂತೆ ಹಾಸಿದ.

ಪ್ರಫುಲ್ಲಾ ಮನೆಯಲ್ಲೇ ರವಿಕೆ ಹೊಲಿಯುವವಳು, ಸೀರೆಗೆ ಫಾಲ್ ಹಚ್ಚುವವಳು. ರೆಕ್ಕೆಗೆ ಹೊದಿಸುವ ಹಳದಿ ಪ್ಲಾಸ್ಟಿಕ್ ಹಾಳೆಯನ್ನು ಇಸ್ತ್ರಿಯ ಬಿಸಿಗೆ ಬಿಗಿಯಾಗಿಸಬೇಕು. ಆ ಕೆಲಸ ಅವಳದು. ಇಸ್ತ್ರಿಪೆಟ್ಟಿಗೆಯ ಮುಳ್ಳನ್ನು ಸಿಲ್ಕಿಗೆ ಇಟ್ಟು, ಅಡಿಗೆ ಹಳೆಯ ಕಾಲುಚೀಲ ತೊಡಿಸಿ, ಒಂದು ಸುಕ್ಕೂ ಇಲ್ಲದ ಹಾಗೆ ಎಳೆಯುತ್ತಿದ್ದಳು. ಮೊದಲ ರೆಕ್ಕೆಯ ಅಳತೆಗೆ ಕನ್ನಡ ಪತ್ರಿಕೆಯ ಹಾಳೆಗಳನ್ನು ಅಂಟಿಸಿ ಒಂದು ಪೇಪರ್ ಕಟಿಂಗ್ ಮಾಡಿಟ್ಟುಕೊಂಡಿದ್ದಳು, ತೋಳಿಗೆ ಮಾಡುವ ಹಾಗೆ. ಅಕ್ಟೋಬರಿನಲ್ಲಿ ಎರಡನೇ ರೆಕ್ಕೆಗೆ ಹಾಳೆ ಕತ್ತರಿಸುವಾಗ, ಇನ್ನೊಂದು ತೋಳಿಗೆ ಮಗುಚುವ ಹಾಗೆ ಪೇಪರನ್ನು ಮಗುಚಿಟ್ಟಳು. ಹೊಂದಲಿಲ್ಲ. ರೆಕ್ಕೆಯ ಹಿಂಬದಿಯಲ್ಲಿ ಮೇಲೆ ಕೆಳಗೆ ಆಡುವ ಪಟ್ಟಿಯ ಜಾಗವೇ ತಪ್ಪಿ ಬಂತು. ಮತ್ತೆ ನೇರ ಇಟ್ಟಳು. ಗೆರೆಗೆ ಗೆರೆ ಕೂತಿತು.

ಎರಡು ತೋಳೂ ಒಂದೇ ಕೈಯದಾದರೆ ಏನಾಗುತ್ತದೆ ಎಂದು ಹದಿನಾರನೇ ವಯಸ್ಸಿಗೇ ತಿಳಿದವಳು. ಆದರೂ ಉಸಿರೆತ್ತಲಿಲ್ಲ. ಹಿಂದೊಮ್ಮೆ, ಬಾಲದ ಅಂಚಿಗೆ ಸ್ವಲ್ಪ ಹೆಚ್ಚು ಬಿಡಬೇಕಿತ್ತೇನೋ ಎಂದದ್ದಕ್ಕೆ ಅವನು, "ಇದು ನಿನ್ನ ರವಿಕೆ ಅಲ್ಲ," ಎಂದಿದ್ದ. ವಿಮಾನದ ರೀತಿಯೇ ಬೇರೆ ಇರಬೇಕು ಎಂದುಕೊಂಡು ಕತ್ತರಿಸಿದಳು, ಇಸ್ತ್ರಿ ಮಾಡಿದಳು.

ಕಟ್ಟಡ ಕೆಡವಿ ಹೊಸದು ಕಟ್ಟಲು ಬಿಲ್ಡರ್ ಜೊತೆ ಕರಾರಾಗಿತ್ತು. ಜನವರಿ ಮೂವತ್ತೊಂದರೊಳಗೆ ಎಲ್ಲರೂ ಖಾಲಿ ಮಾಡಬೇಕು. ಮೂರು ವರ್ಷದ ಮಟ್ಟಿಗೆ ಅವರಿಗೆ ಸಿಕ್ಕಿದ್ದು ದಿವಾದಲ್ಲಿ ಒಂದು ಕೋಣೆ, ಇದಕ್ಕಿಂತ ಎರಡು ಅಡಿ ಚಿಕ್ಕದು. ಅಲ್ಲಿ ಹೊಲಿಗೆ ಮೆಷೀನು ಅಥವಾ ವಿಮಾನ, ಎರಡರಲ್ಲಿ ಒಂದು. ಹಾಗಾಗಿ ಒಪ್ಪಂದ ಡಿಸೆಂಬರಿನಲ್ಲೇ ಆಗಿತ್ತು: ವಿಮಾನವನ್ನು ಸೀವುಡ್ಸ್‌ನ ಶೈಲೇಶನಿಗೆ ಒಪ್ಪಿಸುವುದು. ಅವನು ತುರ್ಭೆಯ ಅದೇ ಕಾರ್ಖಾನೆಯ ಎಂಜಿನಿಯರ್, ಹರಿಶ್ಚಂದ್ರನಿಗೆ ಈ ಹುಚ್ಚು ಹಿಡಿಸಿದವನು, ನಕ್ಷೆ ಮತ್ತು ಹಳೆಯ ಎಂಜಿನ್ನು ಕೊಟ್ಟವನು. ಅವನ ಮಾಡೆಲ್ ಕ್ಲಬ್ಬಿನವರಿಗೆ ಇಡಲು ಜಾಗವಿತ್ತು. ಹರಿಶ್ಚಂದ್ರ ಕೇಳಿದ್ದು ಇಷ್ಟೇ: ಕೊಡುವ ಮೊದಲು ಒಂದು ಸಲ ಹಾರಬೇಕು. ಹಾರದಿದ್ದರೆ ಕ್ಲಬ್ಬಿನ ಸೂರಿಗೆ ನೇತಾಡುವ ಬೊಂಬೆ ಅದು.

ಹಾರಿಸಲು ಸಾಧ್ಯವಿದ್ದದ್ದು ಭಾನುವಾರ ಮಾತ್ರ. ಉಳಿದದ್ದು ಎರಡು ಭಾನುವಾರ. ಇಪ್ಪತ್ತೈದನೇ ತಾರೀಕು ಕೊನೆಯದು.

ರೆಕ್ಕೆ ಕೂರದ ಆ ಹನ್ನೊಂದನೇ ತಾರೀಕೇ ಬೆಳಿಗ್ಗೆ ಒಂಬತ್ತಕ್ಕೆ ಸೈದಪ್ಪ ಅಟ್ಟ ಬಿಚ್ಚಲು ಬಂದ. ಅಫಜಲಪುರ ಕಡೆಯವನು, ದಿವಾದಲ್ಲಿ ಮನೆ, ಫರ್ನಿಚರ್ ಬಡಗಿ. ಖಾಲಿಯಾಗುತ್ತಿರುವ ಕಟ್ಟಡದಲ್ಲಿ ಒಂದೊಂದೇ ಮನೆಯ ಅಟ್ಟ, ಕಪಾಟು ಬಿಚ್ಚಿ ಕೊಡುತ್ತಿದ್ದ. ಒಳಗೆ ಬಂದವನು ಹಾಸಿಗೆಯ ಮೇಲೆ ಮಲಗಿದ್ದ ಎರಡು ರೆಕ್ಕೆ ನೋಡಿ ಉಳಿ ಕೆಳಗಿಟ್ಟ.

"ಇದೇನ್ರಿ ಅಕ್ಕಾರ, ಹೆಣ ಇಟ್ಟಂಗ ಇಟ್ಟೀರಿ?"

"ಹೆಣವೇ," ಎಂದ ಹರಿಶ್ಚಂದ್ರ ಗೋಡೆಗೆ ಒರಗಿದಲ್ಲಿಂದಲೇ.

ಪ್ರಫುಲ್ಲಾ ವಿಷಯ ಹೇಳಿದಳು. ಸೈದಪ್ಪ ರೆಕ್ಕೆಯ ಸುತ್ತ ಎರಡು ಸಲ ಹೋದ. ಬೆರಳಿನಿಂದ ಹೊಡೆದು ಸದ್ದು ಕೇಳಿದ. ತುದಿ ಅಳೆದ, ಬುಡ ಅಳೆದ. ಎರಡೂ ಒಂದೇ ಅಗಲ.

"ಅಣ್ಣಾರ, ಒಂದ ಮಾತ ಕೇಳ್ಲಿ? ಇದರೊಳಗಿನ ಪಕ್ಕೆಲಬು ಎಲ್ಲಾ ಒಂದೇ ಸೈಜ್ ಅದಾವೇನು?"

"ಹದಿನೆಂಟೂ ಒಂದೇ."

"ಮತ್ಯಾಕ ಅಳ್ಳಾಕತ್ತೀರಿ? ಎಡಗೈ ಬಾಗಲಾ ಬಲಗೈ ಮಾಡೂದು ನಮಗ ದಿನಾ ಇರ್ತದ. ಗಿರಾಕಿ ಬಂದು ಈ ಕಡಿ ತೆಗಿಬೇಕಿತ್ತು ಅಂತಾರ, ಬಾಗಲಾ ಹೊಸಾದು ಮಾಡ್ತೀವೇನು? ಬಾಗಲಾ ತಿರಗೂ ಕಬ್ಜಾ ಕಿತ್ತು ಆ ಕಡಿ ಹಚ್ತೀವಿ. ಇದರ ಬುಡಾ ಕೊಯ್ದು ತುದಿ ಮಾಡ್ರಿ, ತುದಿ ಕೊಯ್ದು ಬುಡಾ ಮಾಡ್ರಿ. ಮುಗೀತು."

ಹರಿಶ್ಚಂದ್ರ ಎದ್ದು ಬಂದ. ಬೆರಳನ್ನು ರೆಕ್ಕೆಯ ಮೇಲೆ ಬುಡದಿಂದ ತುದಿಗೆ, ತುದಿಯಿಂದ ಬುಡಕ್ಕೆ ಓಡಿಸಿದ. ದಪ್ಪ ಅಂಚು ಮುಂದೆಯೇ ಉಳಿಯುತ್ತದೆ, ಬೆನ್ನು ಮೇಲೆಯೇ ಉಳಿಯುತ್ತದೆ. ಬಡಗಿ ಹೇಳಿದ್ದು ಸರಿ.

"ಒಂದು ತೊಂದರೆ ಉಂಟು," ಎಂದ. "ಉದ್ದಕ್ಕೂ ಎರಡು ತೊಲೆ ಹೋಗಿದೆ ನೋಡು, ಅದು ಬುಡದಲ್ಲಿ ಡಬಲ್. ತುದಿಗೆ ಸಿಂಗಲ್. ಭಾರ ಎಲ್ಲ ಬೀಳುವುದು ಬುಡಕ್ಕೆ. ತುದಿಯನ್ನು ಬುಡ ಮಾಡಿದರೆ ಗಾಳಿಯಲ್ಲಿ ಮುರೀತದೆ."

"ಡಬಲ್ ಮಾಡೂಣು. ಯಾರು ಬ್ಯಾಡಂದಾರ?"

"ತೂಕ."

"ತೂಕಾ!" ಸೈದಪ್ಪ ಪ್ರಫುಲ್ಲಾಳ ಕಡೆ ತಿರುಗಿದ. "ಅಕ್ಕಾರ, ಇದರಾಗ ಯಾರ್ ಕೂಡ್ತಾರ್ರಿ?"

"ಯಾರೂ ಇಲ್ಲ."

"ಯಾರೂ ಕೂಡಂಗಿಲ್ಲಂದ್ರ ಇಷ್ಟ್ಯಾಕ ಹೆದರ್ತಾರಿವರು?"

ಅಟ್ಟ ಆ ದಿನ ಬಿಚ್ಚಲಿಲ್ಲ. ಸೈದಪ್ಪ ಪೆನ್ಸಿಲಿನಿಂದ ಅಳತೆಯನ್ನು ಅಂಗೈ ಮೇಲೆ ಬರೆದುಕೊಂಡು ಹೋದ.

ಮಾರನೆಯ ದಿನದಿಂದ ಮನೆಯಲ್ಲಿ ಗಡಿಯಾರ ಮೂರಕ್ಕೆ ಬಡಿಯತೊಡಗಿತು. ಹರಿಶ್ಚಂದ್ರ ಹಾಸಿಗೆಯ ಮೇಲೆ ಹಲಗೆ ಹಾಕಿ ಹಳದಿ ಹಾಳೆಯನ್ನು ಸುಲಿದ. ಪ್ರಫುಲ್ಲಾ ಅಡಿಗೆಮನೆಯಲ್ಲಿ ಪಾತ್ರೆಗಳನ್ನು ಪೇಪರಿನಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬುತ್ತಿದ್ದಳು. ಆರಕ್ಕೆ ಅವನು ಹೊರಟರೆ ಅವಳು ಅಂಟಿನ ಮೇಲೆ ಇಟ್ಟ ಕ್ಲಿಪ್ಪುಗಳನ್ನು ಲೆಕ್ಕ ಮಾಡಿ, ಹೇಳಿದ ಹೊತ್ತಿಗೆ ತೆಗೆಯಬೇಕು. ಮಧ್ಯಾಹ್ನ ರವಿಕೆ. ಖಾಲಿ ಮಾಡುವ ಮೊದಲು ಬೇಕು ಎಂದು ಕಟ್ಟಡದ ಹೆಂಗಸರೆಲ್ಲ ಒಟ್ಟಿಗೆ ತಂದು ಸುರಿದಿದ್ದರು. ಗುರುವಾರದ ಹೊತ್ತಿಗೆ ಅವಳಿಗೆ ಮೆಷೀನಿನ ಮುಂದೆ ಕೂತಲ್ಲೇ ತಲೆ ಬಾಗುತ್ತಿತ್ತು. ಅವನಿಗೆ ಥಾಣೆ ಸ್ಟೇಷನ್ನಿನ ಸೇತುವೆಯ ಮೇಲೆ ನಿಂತಲ್ಲೇ ನಿದ್ದೆ ಹತ್ತಿ, ಹಿಂದಿನವರು ತಳ್ಳಿ ಎಬ್ಬಿಸಿದರಂತೆ.

ಶುಕ್ರವಾರ ಸಂಜೆ ಸೈದಪ್ಪ ತೊಲೆಗೆ ಹಚ್ಚುವ ಪಟ್ಟಿಗಳನ್ನು ತಂದ. ನುಣ್ಣಗೆ ಹತ್ತರಿ ಹೊಡೆದು ಎರಡು ತುದಿಯನ್ನೂ ಓರೆ ಮಾಡಿದ್ದ. ಅಂಟು ಹಚ್ಚಿ ಕೂರಿಸಿ, ಜೇಬಿಗೆ ಕೈ ಹಾಕಿದ.

"ಎರಡ ಸ್ಕ್ರೂ ಹೊಡೀಲೇನ್ರಿ? ಜೀವಕ್ಕ ಸಮಾಧಾನ."

"ಬೇಡ."

"ಒಂದ?"

ಹರಿಶ್ಚಂದ್ರ ಸ್ಕ್ರೂ ಇಸಿದುಕೊಂಡು ಅಡಿಗೆಮನೆಯ ತಕ್ಕಡಿಯ ಮೇಲಿಟ್ಟ. ಮೂರು ಗ್ರಾಂ.

"ಮೂರ ಗ್ರಾಮಿಗೆ ಇಷ್ಟ ಮಾರಿ ಮಾಡ್ತೀರಲ್ರಿ ಅಣ್ಣಾರ. ನಮ್ಮ ಸೇಟ ಕಪಾಟಿಗೆ ಮೊಳಿ ಕಮ್ಮಿ ಹೊಡದ್ರ ಬೈತಾನ, ನೀವು ಹೆಚ್ಚ ಹೊಡದ್ರ ಬೈತೀರಿ. ಬಡಗಿ ಯಾರ ಮಾತ ಕೇಳಬೇಕು?"

ಪ್ರಫುಲ್ಲಾ ನಕ್ಕಳು. ಆ ವಾರದಲ್ಲಿ ಅವಳು ನಕ್ಕದ್ದು ಅದೊಂದೇ ಸಲ.

ಎರಡನೇ ವಾರ ಬುಧವಾರ ಬೆಳಿಗ್ಗೆ, ಆಡುವ ಪಟ್ಟಿಯನ್ನು ಹೊಸ ತುದಿಗೆ ಸರಿಸಿದ್ದೂ ಸೇರಿ, ಮರದ ಕೆಲಸ ಮುಗಿಯಿತು. ಇನ್ನು ಹೊದಿಕೆ. ಹಳದಿ ಹಾಳೆ ಮೇಲ್ಮೈಗೆ ಸಾಕಾಗುವಷ್ಟೇ ಉಳಿದಿತ್ತು. ತರಿಸಿದರೆ ಬರಲು ಹತ್ತು ದಿನ. ರೆಕ್ಕೆಯ ಅಡಿಭಾಗಕ್ಕೆ ಕೆಂಪು ಹಾಳೆಯದೊಂದು ತುಂಡಿತ್ತು, ಅದೇ ಆಗಲಿ ಎಂದ ಹರಿಶ್ಚಂದ್ರ. ಪ್ರಫುಲ್ಲಾ ಪೆಟ್ಟಿಗೆಯಿಂದ ಪೇಪರ್ ಕಟಿಂಗ್ ತೆಗೆದಳು. ಹಾಳೆಯ ಮೇಲೆ ಹಾಸಿದಳು. ಆಮೇಲೆ ಅದನ್ನು ಮಗುಚಿದಳು. ಈ ಸಲ ಗೆರೆಗೆ ಗೆರೆ ಕೂತಿತು.

ಹರಿಶ್ಚಂದ್ರ ಬಾಗಿಲ ಬಳಿ ಚಪ್ಪಲಿ ಹಾಕುತ್ತಿದ್ದವನು ನೋಡುತ್ತ ನಿಂತ.

"ಅದು ಮೊದಲನೇ ರೆಕ್ಕೆಯ ಪೇಪರ್ ಅಲ್ವಾ?"

"ಹೌದು."

"ಎರಡನೆಯದಕ್ಕೂ ಅದೇ ಇಟ್ಟದ್ದಾ?"

"ಅದೇ."

"ಆಗ ಮಗುಚಲಿಲ್ವಾ ನೀನು?"

ಪ್ರಫುಲ್ಲಾಳ ಕೈಯಲ್ಲಿ ಕತ್ತರಿ ಇತ್ತು. ಅಕ್ಟೋಬರಿನಿಂದ ಹೊಟ್ಟೆಯೊಳಗೆ ಇಟ್ಟುಕೊಂಡದ್ದು ಸಾಕಾಗಿತ್ತು.

"ಮಗುಚಿದೆ. ಹೊಂದಲಿಲ್ಲ. ಮತ್ತೆ ನೇರ ಇಟ್ಟೆ, ಹೊಂದಿತು. ಆಗಲೇ ಗೊತ್ತಾಯ್ತು."

"ಅಕ್ಟೋಬರಿನಲ್ಲಿ?"

"ಅಕ್ಟೋಬರಿನಲ್ಲಿ."

"ಬಾಯಿ ಬಿಡ್ಲಿಕ್ಕೆ ಎಂತ ಆಗಿತ್ತು ನಿಂಗೆ?"

"ಇದು ರವಿಕೆ ಅಲ್ಲ ಅಂತ ಹೇಳಿದ್ರಲ್ಲ."

ಕೆಳಗೆ ಹಾಲಿನವನ ಸೈಕಲ್ ಗಂಟೆ ಕೇಳಿಸಿತು. ಹರಿಶ್ಚಂದ್ರ ಒಂದು ಕಾಲಿಗೆ ಚಪ್ಪಲಿ ಹಾಕಿ, ಇನ್ನೊಂದು ಕಾಲು ಬರಿದಾಗಿ ನಿಂತಿದ್ದ. ಗಡಿಯಾರ ನೋಡಿದ. ಆರು ಐದು. ಚಪ್ಪಲಿ ಸಿಕ್ಕಿಸಿಕೊಂಡು ಇಳಿದು ಹೋದ.

ಸಂಜೆ ಎಂದಿನ ಹೊತ್ತಿಗೆ ಬಂದ. ಊಟದ ಹೊತ್ತಿಗೆ, ಕಣ್ಣು ಮುಚ್ಚಿಕೊಂಡೇ ಅನ್ನ ಕಲಸುತ್ತ, "ಪಟ್ಟಿಯ ಸಂದಿಗೆ ಎಷ್ಟು ಬಿಡಬೇಕು? ನೀನು ಹೇಳು," ಎಂದ.

"ಅರ್ಧ ಬೆರಳು."

"ಆಯ್ತು, ಅರ್ಧ ಬೆರಳು."

ಹೊದಿಕೆ ಮುಗಿದದ್ದು ಶನಿವಾರ ರಾತ್ರಿ ಎಂಟಕ್ಕೆ. ತೂಗಿ ನೋಡಿದರೆ ಬಲ ರೆಕ್ಕೆ ಎಡಕ್ಕಿಂತ ನೂರ ನಲವತ್ತು ಗ್ರಾಂ ಹೆಚ್ಚು. ಹರಿಶ್ಚಂದ್ರ ಕಲ್ಯಾಣ್‌ನಿಂದ ತರಿಸಿದ್ದ ಗಾಳದ ಸೀಸದಲ್ಲಿ ನಲವತ್ತು ಗ್ರಾಮಿನಷ್ಟನ್ನು ಎಡ ರೆಕ್ಕೆಯ ತುದಿಗೆ ಅಂಟಿಸಿದ. ತುದಿಯಲ್ಲಿ ಅಷ್ಟೇ ಸಾಕು, ಬುಡದ ಭಾರಕ್ಕೆ ಅದು ಸಮ ಎಂದು ಅವಳಿಗೆ ವಿವರಿಸಿದ. ಅವಳು ಕೇಳಿಸಿಕೊಳ್ಳುತ್ತಲೇ ನಿದ್ದೆ ಹೋಗಿದ್ದಳು.

ಮೊದಲು ಕ್ಲಬ್ಬಿನವರು ಉಲ್ವೆ ಕಡೆಯ ಬಯಲಿನಲ್ಲಿ ಹಾರಿಸುತ್ತಿದ್ದರು. ನವಿ ಮುಂಬಯಿಯ ವಿಮಾನ ನಿಲ್ದಾಣ ಬಂದ ಮೇಲೆ ಆ ಕಡೆ ಸುಳಿಯುವ ಹಾಗಿಲ್ಲ. ಈಗ ಟಿಟ್ವಾಲಾದ ಆಚೆ, ಭತ್ತ ಕೊಯ್ದ ಗದ್ದೆಯೊಂದನ್ನು ಒಡೆಯನ ಒಪ್ಪಿಗೆಯಿಂದ ಸಮ ಮಾಡಿಕೊಂಡಿದ್ದರು. ಶೈಲೇಶ ಸಾಮಾನಿನ ಟೆಂಪೋ ಜೊತೆಗೆ ಶನಿವಾರವೇ ಹೋಗಿ ತಂಗಿದ್ದ. ರೆಕ್ಕೆ ಆಗಿನ್ನೂ ಇಸ್ತ್ರಿಯಡಿಯಲ್ಲಿ ಇದ್ದದ್ದರಿಂದ ವಿಮಾನ ಭಾನುವಾರ ಲೋಕಲ್ ಟ್ರೇನಿನ ಲಗೇಜ್ ಡಬ್ಬದಲ್ಲಿ ಹೊರಟಿತು. ಪೆಟ್ರೋಲ್ ರೈಲಿನಲ್ಲಿ ಒಯ್ಯುವ ಹಾಗಿಲ್ಲ. ಅದು ಶೈಲೇಶನ ಬಳಿ ಇತ್ತು.

ಡಬ್ಬದಲ್ಲಿ ಖಾಲಿ ಬುಟ್ಟಿಗಳ ನಡುವೆ ಕೂತಿದ್ದ ಸೊಪ್ಪಿನ ಹೆಂಗಸೊಬ್ಬಳು ಬೆಡ್‌ಶೀಟಿನ ಒಳಗೆ ಇಣುಕಿದಳು.

"ಹೇ ಕಾಯ್ ಹೋ ಭಾವು?"

"ವಿಮಾನ."

"ವಿಮಾನ? ಮಗ್ ಟ್ರೇನ್‌ನೇ ಕಶಾಲಾ ನೇತಾ?" ಹಾರುವುದನ್ನು ರೈಲಿನಲ್ಲಿ ಯಾಕೆ ಒಯ್ಯುತ್ತಿ ಎಂದು ಅವಳು ಕೇಳಿದ್ದಕ್ಕೆ ಡಬ್ಬದವರೆಲ್ಲ ನಕ್ಕರು. ಹರಿಶ್ಚಂದ್ರನೂ ನಕ್ಕ. ಆಮೇಲೆ ಸೊಪ್ಪಿನವಳು ಟಿಟ್ವಾಲಾ ಬರುವವರೆಗೆ ವಿಮಾನದ ಬಾಲವನ್ನು ಯಾರೂ ತುಳಿಯದ ಹಾಗೆ ಕಾಲು ಚಾಚಿ ಕಾದಳು.

ಗದ್ದೆಯಲ್ಲಿ ಮಂಜು ಇತ್ತು. ಏಳಕ್ಕೆ ರೆಕ್ಕೆಗಳನ್ನು ಜೋಡಿಸಿದರು. ಎಡದ್ದು ಕೂತಿತು, ಬಲದ್ದೂ ಕೂತಿತು. ಶೈಲೇಶ ಕೆಳಗೆ ಬಗ್ಗಿ ಕೆಂಪು ನೋಡಿದ.

"ಅಂಕಲ್, ಯೇ ಅಚ್ಛಾ ಕಿಯಾ. ಮೇಲೆ ಹೋದ್ಮೇಲೆ ಲೆಫ್ಟ್ ರೈಟ್ ಕನ್‌ಫ್ಯೂಸ್ ಆಗಲ್ಲ."

"ಹಾಳೆ ಇರಲಿಲ್ಲ, ಅದಕ್ಕೆ," ಎಂದಳು ಪ್ರಫುಲ್ಲಾ.

"ಕೋಯೀ ಬಾತ್ ನಹೀ ಆಂಟಿ, ಹೇಳ್ಬೇಡಿ ಯಾರಿಗೂ."

ಮೊದಲ ಹಾರಾಟ ಶೈಲೇಶನೇ ನಡೆಸುವುದೆಂದು ನಿಶ್ಚಯವಾಗಿತ್ತು. ಹರಿಶ್ಚಂದ್ರ ಥರ್ಮೊಕೋಲಿನ ಸಣ್ಣ ವಿಮಾನಗಳನ್ನಷ್ಟೇ ಹಾರಿಸಿದವನು. ಶೈಲೇಶ ರೇಡಿಯೋದ ಕಡ್ಡಿಯನ್ನು ಬಲಕ್ಕೆ ಒತ್ತಿದ: ಬಲದ ಪಟ್ಟಿ ಮೇಲೆ, ಎಡದ ಪಟ್ಟಿ ಕೆಳಗೆ. ಎಡಕ್ಕೆ ಒತ್ತಿದ: ಅದರ ವಿರುದ್ಧ. ಮೂರು ಸಲ ನೋಡಿದ. ಹರಿಶ್ಚಂದ್ರ ನಾಲ್ಕನೇ ಸಲ ನೋಡಿಸಿದ.

ಏಳು ನಲವತ್ತೆಂಟಕ್ಕೆ ವಿಮಾನ ನೆಲ ಬಿಟ್ಟಿತು. ಮೂವತ್ತು ಹೆಜ್ಜೆಯಷ್ಟೇ ಓಡಿತ್ತು. ಪ್ರಫುಲ್ಲಾ ವಿಮಾನವನ್ನು ನೋಡಲಿಲ್ಲ. ಬಲ ರೆಕ್ಕೆಯ ಬುಡ ಒಂದನ್ನೇ ನೋಡಿದಳು. ಕೆಂಪು ಸ್ವಲ್ಪ ಬಾಗಿತು, ನಿಂತಿತು, ದೊಡ್ಡ ಸುತ್ತು ಹಾಕಿ ಹಳದಿಯಾಯಿತು. ಮುರಿಯಲಿಲ್ಲ. ಎರಡನೇ ಸುತ್ತಿಗೂ ಮುರಿಯಲಿಲ್ಲ. ಮೂರನೇ ಸುತ್ತಿನಲ್ಲಿ ಅವಳು ಮಿಕ್ಕದ್ದನ್ನೂ ನೋಡಿದಳು. ತನ್ನ ಕೋಣೆಯಲ್ಲಿ ಮೂರು ವರ್ಷ ತಲೆ ಬಗ್ಗಿಸಿ ಓಡಾಡುವ ಹಾಗೆ ಮಾಡಿದ್ದ ವಸ್ತು ಅಲ್ಲಿ ಬೆರಳಷ್ಟೇ ಕಾಣುತ್ತಿತ್ತು.

"ಅಂಕಲ್, ಲೋ. ಒಂದು ರೌಂಡ್ ನೀವು ಹೊಡೀರಿ." ಶೈಲೇಶ ಕಣ್ಣು ತೆಗೆಯದೆ ರೇಡಿಯೋವನ್ನು ಪಕ್ಕಕ್ಕೆ ಚಾಚಿದ. "ಏಕ್‌ದಮ್ ಸೀದಾ ಹೋಗ್ತಾ ಇದೆ."

ಹರಿಶ್ಚಂದ್ರ ಕೈ ಮುಂದೆ ಮಾಡಿದ. ತನ್ನ ಬೆರಳುಗಳನ್ನು ನೋಡಿಕೊಂಡ. ಹಿಂದೆ ತೆಗೆದ.

"ಬೇಡ. ಕೈಯಲ್ಲಿ ನಿದ್ದೆ ಉಂಟು. ನೀನೇ ಇಳಿಸು."

"ಒಂದೇ ರೌಂಡ್ ಅಂಕಲ್—"

"ಹಾರಬೇಕಿತ್ತು, ಹಾರಿತಲ್ಲ. ಇಳಿಸು."

ಅವನು ಪ್ರಫುಲ್ಲಾಳ ಪಕ್ಕ ಬಂದು ನಿಂತ. ಇಬ್ಬರೂ ತಲೆಯೆತ್ತಿ ನೋಡಿದರು. ಎಂಜಿನ್ನಿನ ಸದ್ದು ಹೊಲಿಗೆ ಮೆಷೀನಿನ ಸದ್ದಿನ ಹಾಗೇ ಇದೆ ಎಂದು ಅವಳಿಗೆ ಅನ್ನಿಸಿತು.

"ಸುಕ್ಕು ಕಾಣ್ತದಾ?" ಎಂದು ಕೇಳಿದಳು.

"ಇಲ್ಲ," ಎಂದ. ತುಸು ಹೊತ್ತಿನ ಮೇಲೆ, "ಅಕ್ಟೋಬರಿನಲ್ಲಿ ನೀನು ಹೇಳಿದ್ದರೂ ನಾನು ಕೇಳ್ತಿರಲಿಲ್ಲ," ಎಂದ.

"ಗೊತ್ತು. ಆದ್ರೂ ಹೇಳ್ಬೇಕಿತ್ತು."

"ಹ್ಞೂಂ. ಹೇಳ್ಬೇಕಿತ್ತು."

ಆರು ನಿಮಿಷ ಇಪ್ಪತ್ತು ಸೆಕೆಂಡಿನ ಬಳಿಕ ವಿಮಾನ ಇಳಿಯಿತು. ಒಮ್ಮೆ ಪುಟಿದು ಎಡ ಚಕ್ರದ ಕಡ್ಡಿ ಬಾಗಿತು, ಮತ್ತೇನೂ ಆಗಲಿಲ್ಲ. ಹರಿಶ್ಚಂದ್ರನೇ ರೆಕ್ಕೆಗಳನ್ನು ಕಳಚಿ, ಬೆಡ್‌ಶೀಟಿನಲ್ಲಿ ಸುತ್ತಿ, ಟೆಂಪೋದಲ್ಲಿ ಹುಲ್ಲಿನ ಮೇಲಿಟ್ಟ. ಬೆಡ್‌ಶೀಟ್ ವಾಪಸ್ ಬೇಕೇ ಎಂದು ಶೈಲೇಶ ಕೇಳಿದ. ಬೇಡ ಎಂದಳು ಪ್ರಫುಲ್ಲಾ. ಸೈದಪ್ಪನಿಗೆ ಅವಳು ಫೋನು ಮಾಡಿ ಮುರಿಯಲಿಲ್ಲ ಎಂದಾಗ ಅವನು, "ಸ್ಕ್ರೂ ಹೊಡದಿದ್ರ ಇನ್ನೂ ಮ್ಯಾಲ ಹೋಗ್ತಿತ್ತು ನೋಡ್ರಿ ಅಕ್ಕಾರ," ಎಂದ. ಮಂಗಳವಾರ ಅಟ್ಟ ಬಿಚ್ಚಲು ಬರುತ್ತೇನೆ ಎಂದೂ ಹೇಳಿದ.

ಹಿಂದಿರುಗುವಾಗ ಇಬ್ಬರ ಕೈಯಲ್ಲೂ ಏನೂ ಇರಲಿಲ್ಲ. ಟಿಟ್ವಾಲಾದಲ್ಲಿ ಗಾಡಿ ಖಾಲಿಯೇ ಇದ್ದುದರಿಂದ ಕಿಟಕಿಯ ಬಳಿ ಎದುರುಬದುರು ಜಾಗ ಸಿಕ್ಕಿತು. ಗಾಡಿ ಕಲ್ಯಾಣ್ ಬಿಟ್ಟದ್ದು ಹತ್ತೂವರೆಗೆ, ಡೊಂಬಿವಲಿಯಲ್ಲಿ ನಿಂತದ್ದು ಹತ್ತು ಮೂವತ್ತೊಂಬತ್ತಕ್ಕೆ. ಆಗ ಇಬ್ಬರೂ ನಿದ್ದೆಯಲ್ಲಿದ್ದರು. ಎಚ್ಚರವಾದದ್ದು ಥಾಣೆಯಲ್ಲಿ. ಇಳಿದು, ಸೇತುವೆ ದಾಟಿ, ಕಲ್ಯಾಣ್ ಕಡೆಯ ಸ್ಲೋ ಗಾಡಿ ಹಿಡಿದರು. ಅದರಲ್ಲಿ ಸೀಟು ಇತ್ತು. ಮತ್ತೆ ನಿದ್ದೆ ಬಂದೀತೆಂದು ಡೊಂಬಿವಲಿಯವರೆಗೆ ನಿಂತೇ ಬಂದರು.